ಟವೆಲಿನ ಕೆಳಗಿನ ಕೈ

ಮೂವತ್ತು ವರ್ಷಕ್ಕೂ ಮೇಲೆ ನಾನು ಶಾಲೆಗಳಲ್ಲಿ ಕನ್ನಡ ಪಾಠ ಹೇಳಿದವಳು. ಗೌರಿಬಿದನೂರಿಗೆ ವರ್ಗವಾದರೂ ಅಷ್ಟೆ, ಚಿಂತಾಮಣಿಗೆ ವರ್ಗವಾದರೂ ಅಷ್ಟೆ, ವ್ಯಾಕರಣ ಶುರುಮಾಡಿದ ಮೊದಲ ದಿನ ಒಂದೇ ವಾಕ್ಯ ಎದುರಿಗೆ ಬಂದು ಕೂರುತ್ತಿತ್ತು. ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಸುವ ಸಾಧನವೇ ಭಾಷೆ, ಅಂತ. ಮಕ್ಕಳು ಅದನ್ನು ರಾಗವಾಗಿ ಒಪ್ಪಿಸುತ್ತಿದ್ದರು, ನಾನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದೆ. ತಿಳಿಸುವ ಸಾಧನವಂತೆ, ನನ್ನ ತಲೆ! ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಬೆಳಗಾದರೆ ಮೂರು ಭಾಷೆ ಕೇಳಿಸುತ್ತಿದ್ದವು. ಅಪ್ಪನ ತಾಯಿ, ನಾನು ಅವ್ವ ಎಂದು ಕರೆಯುತ್ತಿದ್ದ ಮುದುಕಿ, ದೇವರ ಹತ್ತಿರವೂ ಕೋಳಿಗಳ ಹತ್ತಿರವೂ ತೆಲುಗಿನಲ್ಲೇ ಮಾತಾಡುತ್ತಿದ್ದಳು. ಅಪ್ಪ ಅಮ್ಮನದು ಕನ್ನಡ. ಹಿತ್ತಲ ಗೋಡೆಯಾಚೆ ಪ್ಯಾರೇ ಸಾಬರು ರೇಷ್ಮೆ ನೂಲು ತೆಗೆಸುತ್ತಿದ್ದರು. ಅವರ ಒಲೆಗಳ ಕಡೆಯಿಂದ ಬೆಂದ ಹುಳುವಿನ ವಾಸನೆಯ ಜೊತೆಗೆ ಉರ್ದು ಬರುತ್ತಿತ್ತು. ನನಗೆ ಮೂರೂ ಬರುತ್ತಿದ್ದವು. ಆದರೆ ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಆ ವರ್ಷ ಅಪ್ಪ ಅಮ್ಮ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು.

ಮನೆ ದೊಡ್ಡದೇನಲ್ಲ. ಬೀದಿ ಕಡೆ ಜಗಲಿ, ಒಳಗೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಹಿತ್ತಲಲ್ಲಿ ಬಚ್ಚಲು. ಅಡಿಗೆಮನೆಯಲ್ಲಿ ಸಾಸಿವೆ ಸಿಡಿದರೆ ಜಗಲಿಯಲ್ಲಿ ಕೂತವರಿಗೆ ಕೇಳಿಸುತ್ತಿತ್ತು. ಅಷ್ಟು ಹತ್ತಿರದಲ್ಲಿದ್ದುಕೊಂಡೇ ಅವರಿಬ್ಬರೂ ನನ್ನನ್ನು ನಡುವೆ ಓಡಾಡಿಸುತ್ತಿದ್ದರು.

"ಸರೋಜಾ, ಮುದ್ದೆ ಆರೋಗುತ್ತೆ ಅಂತ ಹೇಳೇ ಅವರಿಗೆ."

ಅವರು ಎನ್ನುವವರು ಅಲ್ಲೇ ಎರಡು ಮಾರು ದೂರದಲ್ಲಿ, ಕಂಬಕ್ಕೆ ಒರಗಿ ಕೂತಿದ್ದಾರೆ. ಕೇಳಿಸಿಲ್ಲವೇ? ಚೆನ್ನಾಗಿ ಕೇಳಿಸಿದೆ. ಆದರೂ ಏಳುವ ಹಾಗಿಲ್ಲ. ನಾನು ಹೋಗಿ ಎದುರಿಗೆ ನಿಂತು, ಅಪ್ಪಾ, ಮುದ್ದೆ ಆರೋಗುತ್ತಂತೆ ಎಂದು ಒಪ್ಪಿಸಿದ ಮೇಲೆ ಅಪ್ಪ ತಲೆ ಎತ್ತಬೇಕು.

"ಬರ್ತೀನಿ ಅಂತ ಹೇಳಮ್ಮ."

ನಾನು ಮತ್ತೆ ಅಡಿಗೆಮನೆಗೆ. ಅಮ್ಮಾ, ಬರ್ತಾರಂತೆ. ಆಮೇಲೆ ಅಮ್ಮ ತಟ್ಟೆ ಇಡುತ್ತಿದ್ದಳು. ನಾನು ಸ್ಕೂಲಿನಿಂದ ಬರುವುದು ತಡವಾದರೆ ಸಾರು ಒಲೆಯ ಮೇಲೆ ಬತ್ತುತ್ತಿತ್ತೇ ಹೊರತು ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಮೊದಮೊದಲು ನನಗೆ ಅದೊಂದು ದೊಡ್ಡಸ್ತಿಕೆ. ನಾನಿಲ್ಲದೆ ಈ ಮನೆಯಲ್ಲಿ ಒಂದು ಹುಲ್ಲುಕಡ್ಡಿ ಅಲುಗುವುದಿಲ್ಲ ಎಂದು ಜಂಬ ಬಂದಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಸಾಕು ಸಾಕಾಯಿತು. ಇಬ್ಬರ ಸಿಟ್ಟೂ ನನ್ನ ಬಾಯಿಂದ ಹೊರಗೆ ಬರಬೇಕಾಗಿದ್ದರಿಂದ ಇಬ್ಬರೂ ನನ್ನ ಮುಖ ನೋಡಿಯೇ ಹಲ್ಲು ಕಡಿಯುತ್ತಿದ್ದರು.

ಮಾತು ಬಿಟ್ಟ ಕಾರಣ ಹೇಳಬೇಕು. ಅಪ್ಪ ರೇಷ್ಮೆ ಗೂಡಿನ ದಲ್ಲಾಳಿ. ರೈತರು ಗೂಡು ತರುತ್ತಿದ್ದರು, ಪ್ಯಾರೇ ಸಾಬರಂಥ ನೂಲು ತೆಗೆಯುವವರು ಕೊಳ್ಳುತ್ತಿದ್ದರು, ಅಪ್ಪ ನಡುವೆ ನಿಂತು ವ್ಯಾಪಾರ ಕುದುರಿಸುತ್ತಿದ್ದರು. ಯುಗಾದಿಯ ಹತ್ತಿರದ ಒಂದು ಬೆಳಿಗ್ಗೆ ಚಿಂತಾಮಣಿ ಕಡೆಯ ಬಸ್ಸಿನ ಕಂಡಕ್ಟರ್ ಗೂಡಿನ ವ್ಯಾಪಾರ ನಡೆಯುವ ಸಂತೆಕಟ್ಟೆಗೇ ಬಂದು ಅಪ್ಪನಿಗೆ ಸುದ್ದಿ ಮುಟ್ಟಿಸಿದ. ಕೆಂಚಾರ್ಲಹಳ್ಳಿಯಲ್ಲಿ ಅಮ್ಮನ ತಂದೆಗೆ ಕೊನೆಗಾಲ, ಮಗಳನ್ನು ಕೇಳುತ್ತಿದ್ದಾರೆ, ಕೂಡಲೇ ಕರೆದುಕೊಂಡು ಬರಬೇಕಂತೆ. ಅಪ್ಪನ ಕೈ ಆಗ ಒಬ್ಬ ರೈತನ ಜೊತೆ ಟವೆಲಿನ ಕೆಳಗಿತ್ತು. ಬರ್ತೀನಿ ಅಂತ ಹೇಳಪ್ಪ, ಎಂದರಂತೆ. ಆ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಕೈ ಕೊಟ್ಟ, ಅವನಾದ ಮೇಲೆ ಮತ್ತೊಬ್ಬ. ಅಪ್ಪ ಮನೆಗೆ ಬಂದು ಹೇಳಿದಾಗ ಮಧ್ಯಾಹ್ನ ಇಳಿದಿತ್ತು. ಅಮ್ಮ ಊರು ಮುಟ್ಟುವ ಹೊತ್ತಿಗೆ ತಾತನನ್ನು ಮಣ್ಣು ಮಾಡಿ ಜನ ಕೆರೆಯಲ್ಲಿ ಕಾಲು ತೊಳೆದುಕೊಂಡು ಬರುತ್ತಿದ್ದರು. ಬಾಯಿಗೆ ಒಂದು ತೊಟ್ಟು ನೀರು ಬಿಡುವುದಕ್ಕೂ ಆಗಲಿಲ್ಲ. ಕಂಡಕ್ಟರ್ ಬೆಳಿಗ್ಗೆಯೇ ಹೇಳಿದ್ದ ಎನ್ನುವುದು ಅಮ್ಮನಿಗೆ ಅಲ್ಲಿ ಗೊತ್ತಾಯಿತು. ತಿಥಿ ಮುಗಿಸಿ ವಾಪಸ್ಸು ಬಂದವಳು ಹೊಸಿಲಲ್ಲಿ ನಿಂತು, ಗಂಡನ ಮುಖ ನೋಡದೆ, ನನ್ನ ಭುಜ ಹಿಡಿದು ಹೇಳಿದಳು:

"ಹೇಳು ಇವರಿಗೆ. ಮಾತು ಮುಚ್ಚಿಟ್ಟವರ ಹತ್ರ ನನಗೇನು ಮಾತು? ತಾವಾಗಿ ತಪ್ಪಾಯ್ತು ಅನ್ನೋ ತನಕ ನಾನು ಬಾಯಿ ಬಿಡಲ್ಲ."

ಅಪ್ಪ ಕೆಟ್ಟವರಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೇ ಸಾಲದು. ಆ ಟವೆಲಿನ ಕಟ್ಟಳೆ ಅಂಥದ್ದು. ಗೂಡಿನ ವ್ಯಾಪಾರವನ್ನು ಆಗ ಬಾಯಲ್ಲಿ ಮಾಡುತ್ತಿರಲಿಲ್ಲ. ಇಬ್ಬರು ಎದುರುಬದುರು ನಿಂತು ಕೈ ಕೈ ಹಿಡಿದು ಮೇಲೆ ಟವೆಲು ಹಾಕಿಕೊಳ್ಳುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಬೆರಳು ಸೇರಿಸಿ ಹಿಡಿದರೆ ಐದು, ಗೆಣ್ಣು ಮುಟ್ಟಿದರೆ ಅರ್ಧ. ಹೆಬ್ಬೆರಳಿನಿಂದ ಅಂಗೈ ಒತ್ತಿದರೆ ಒಪ್ಪಿಗೆ, ಕೈ ಒದರಿದರೆ ಇಲ್ಲ. ಅಷ್ಟೇ. ಬಾಯಿ ಅದರ ಪಾಡಿಗೆ ಮಳೆ ಬಂತಾ, ಮಗಳಿಗೆ ಗಂಡು ಸಿಕ್ತಾ ಎಂದು ಏನೇನೋ ಮಾತಾಡುತ್ತಿರುತ್ತದೆ, ನಿಜವೆಲ್ಲ ಕೆಳಗೆ ನಡೆಯುತ್ತದೆ. ಒಳಗೆ ಹೋದ ಕೈ ವ್ಯಾಪಾರ ಮುಗಿಯದೆ ಹೊರಗೆ ಬರಬಾರದು. ನಡುವೆ ಕೈ ಎಳೆದುಕೊಂಡರೆ ಎದುರಿನವನ ಮುಖಕ್ಕೆ ಉಗಿದ ಹಾಗೆ, ಅವನು ಮತ್ತೆ ಈ ಕಡೆ ಕಾಲಿಡುವುದಿಲ್ಲ. ಅಪ್ಪನಿಗೆ ಅದು ರಕ್ತದಲ್ಲಿ ಸೇರಿಹೋಗಿತ್ತು. ಸಾಯುತ್ತಿರುವ ಮಾವನಿಗಿಂತ ಹಿಡಿದ ಕೈ ದೊಡ್ಡದಾಗಿಬಿಟ್ಟಿತು.

ಒಂದು ಭಾನುವಾರ ಜಗಲಿಯಲ್ಲಿ ಕೂತು ಅಪ್ಪ ನನಗೆ ಆ ಬೆರಳು ಲೆಕ್ಕ ಕಲಿಸಿದರು. ಮನೆಯಲ್ಲಿ ಮಾತಿಲ್ಲದೆ ಅವರಿಗೂ ಬೇಜಾರಾಗಿತ್ತೋ ಏನೋ. ನನ್ನ ಪುಟ್ಟ ಕೈಯನ್ನು ಹಿಡಿದು ಮೇಲೆ ಕೆಂಪು ಅಂಚಿನ ಟವೆಲು ಹಾಸಿ, "ಹೇಳು, ಎಷ್ಟು?" ಎನ್ನುತ್ತಿದ್ದರು. ನಾನು ತಪ್ಪು ಹೇಳಿದರೆ ಕೈ ಒದರುತ್ತಿದ್ದರು, ಸರಿಯಾದರೆ ಅಂಗೈ ಒತ್ತುತ್ತಿದ್ದರು. ಒಂದು ವಾರದಲ್ಲಿ ನಾನು ಪಳಗಿಬಿಟ್ಟೆ. ಆ ಅಂಗೈಯ ಒತ್ತನ್ನು ಈಗಲೂ ಯಾರಾದರೂ ಕೇಳಿದರೆ ಇಲ್ಲೇ, ಈ ಗೆರೆಯ ಮೇಲೆ ಎಂದು ತೋರಿಸಬಲ್ಲೆ.

ಅವರೆಕಾಯಿ ಕಾಲ ಬಂತು. ಮಾತು ಬಿಟ್ಟು ಒಂಬತ್ತು ತಿಂಗಳು. ಮಧ್ಯಾಹ್ನ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋಗುವುದು ರಜಾದಿನಗಳಲ್ಲಿ ನನ್ನ ಕೆಲಸ. ಅವತ್ತು ಹೋದಾಗ ಅಪ್ಪ ಒಬ್ಬ ರೈತನ ಕೈ ಹಿಡಿದಿದ್ದರು, ಸುತ್ತ ಏಳೆಂಟು ಜನ. ಅಪ್ಪನ ಭುಜ ಅಲುಗುವುದನ್ನು ನೋಡಿಯೇ ಎಷ್ಟು ಬೆರಳು ಹಿಡಿದರು ಎಂದು ಹೇಳಬಲ್ಲೆ ಎಂಬ ಕೊಬ್ಬು ನನಗೆ. ಕೂಗಿಬಿಟ್ಟೆ.

"ಮೂರೂವರೆ! ಅಪ್ಪ ಮೂರೂವರೆ ಅಂದ್ರು!"

ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ರೈತ ಕೈ ಎಳೆದುಕೊಂಡ. ಅಪ್ಪ ನನ್ನ ಕೆನ್ನೆಗೆ ಬಿಟ್ಟರು ನೋಡಿ, ಕಿವಿಯಲ್ಲಿ ಗುಂಯ್ ಎಂದಿತು. ಅವರು ನನ್ನನ್ನು ಹೊಡೆದದ್ದು ಅದೇ ಮೊದಲು, ಅದೂ ಅಷ್ಟು ಜನರ ಎದುರಿಗೆ. ಬುತ್ತಿಯನ್ನು ಅಲ್ಲೇ ಕುಕ್ಕಿ ಹೊರಟೆ. ಅಪ್ಪ ಹಿಂದೆಯೇ ಬಂದು ಹುಣಿಸೆಮರದ ಹತ್ತಿರ ನಿಲ್ಲಿಸಿದರು. ಸಿಟ್ಟು ಇಳಿದಿತ್ತು. ಮುಖ ಏನೋ ಸಣ್ಣಗಾಗಿತ್ತು.

"ನೋವಾಯ್ತೇನಮ್ಮ? ಬಿಡು, ಇಲ್ಲಿ ಕೇಳು. ನಿಮ್ಮಮ್ಮನಿಗೆ ಒಂದು ಮಾತು ಹೇಳು. ಇವತ್ತು ಐದು ಗಂಟೆ ಬಸ್ಸಿಗೆ ಕೆಂಚಾರ್ಲಹಳ್ಳಿಗೆ ಹೋಗಣ, ರೆಡಿಯಾಗಿರು ಅಂತ. ಅವರಮ್ಮನ ಮುಂದೆ ನಾನು ತಪ್ಪಾಯ್ತು ಅಂತೀನಿ. ಅವಳ ಮುಂದೇನೂ ಅಂತೀನಿ. ಸಾಕಾಗಿಹೋಗಿದೆ ಕಣಮ್ಮ ನಂಗೆ. ಐದು ಗಂಟೆ, ಮರೀಬೇಡ."

ಐದು ಎಂದು ತೋರಿಸಲು ನನ್ನ ಐದೂ ಬೆರಳನ್ನು ಸೇರಿಸಿ ಒಂದು ಸಲ ಹಿಡಿದು ಬಿಟ್ಟರು. ನಾನು ತಿರುಗಿ ಮನೆಯ ಕಡೆ ನಡೆದೆ. ದಾರಿಯುದ್ದಕ್ಕೂ ಕೆನ್ನೆ ಉರಿಯುತ್ತಿತ್ತು. ಹೇಳಲ್ಲ, ಹೋಗು. ನಾನೇನು ನಿಮ್ಮಿಬ್ಬರ ಆಳಾ? ಹೊಡೆಯೋದು ನೀವು, ಮಾತು ಹೊರೋದು ನಾನು. ಬೇಕಾದರೆ ನೀವೇ ಹೇಳಿಕೊಳ್ಳಿ. ಹೀಗೆ ಗೊಣಗುತ್ತಾ ಮನೆ ಸೇರಿದೆ. ಅಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಒಂದೊಂದನ್ನೇ ಹಿಸುಕಿ ಬೇಳೆ ತೆಗೆಯುತ್ತಿದ್ದಳು.

"ಏನಾದ್ರೂ ಅಂದ್ರೇನೇ?"

"ಏನೂ ಅನ್ಲಿಲ್ಲ."

ಐದು ಅಕ್ಷರ, ಹೆಚ್ಚಿಲ್ಲ, ಕಡಿಮೆಯಿಲ್ಲ, ಒಂದು ಸಣ್ಣ ಸುಳ್ಳು. ನಾಳೆ ಸಿಟ್ಟು ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ದೇವರಾಣೆಗೂ ಹಾಗೇ ಅಂದುಕೊಂಡಿದ್ದೆ.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಅಪ್ಪ ಬಂದರು. ಎಲ್ಲಿ ಬದಲಾಯಿಸಿಕೊಂಡಿದ್ದರೋ, ಹೊಸ ಪಂಚೆ, ಮಡಿ ಶರಟು. ಕೈಯಲ್ಲಿ ಎಲೆಯ ಪೊಟ್ಟಣ, ಒಳಗೆ ಕನಕಾಂಬರ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಅಮ್ಮ ಹಳೇ ಸೀರೆಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವರೆಕಾಳು ಹಿಸುಕುತ್ತಲೇ ಇದ್ದಳು. ಒಂದು ಸಲ ತಲೆ ಎತ್ತಿ ಹೊಸ ಪಂಚೆಯನ್ನು ನೋಡಿದಳು, ಮತ್ತೆ ಬಗ್ಗಿದಳು. ನಾನು ರಾಗಿ ಕಣಜದ ಹಿಂದೆ ನಿಂತಿದ್ದೆ. ಸರೋಜಾ, ಕೇಳು ಎಂದು ಇಬ್ಬರಲ್ಲಿ ಒಬ್ಬರು ಅಂದಿದ್ದರೂ ಸಾಕಿತ್ತು, ಬಾಯಿಬಿಟ್ಟುಬಿಡುತ್ತಿದ್ದೆ. ಯಾರೂ ಅನ್ನಲಿಲ್ಲ. ಇವಳು ಬರಲ್ಲ ಅಂತಿದ್ದಾಳೆ ಎಂದು ಅಪ್ಪ ತಿಳಿದುಕೊಂಡರು. ಪೇಟೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಅಪ್ಪ ಹೂವಿನ ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಶರಟು ಬಿಚ್ಚಿ ಮೊಳೆಗೆ ನೇತುಹಾಕಿ, ಜಗಲಿಗೆ ಹೋಗಿ ಕೂತರು.

ಮಾರನೇ ಬೆಳಿಗ್ಗೆ ಬಚ್ಚಲಲ್ಲಿ ಹಂಡೆ ಉರುಳಿದ ಸದ್ದಾಯಿತು. ಓಡಿ ಹೋಗಿ ನೋಡಿದರೆ ಅಪ್ಪ ಬಿದ್ದಿದ್ದರು. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಸತ್ತಿದ್ದವು, ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಹೊತ್ತು ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಅವರು ಬಾಯಿ ತೆರೆದು ಏನೋ ಹೇಳಲು ಒದ್ದಾಡಿದರು. ಬಂದದ್ದು ಒಂದೇ ಮಾತು.

"ಬರ್ತೀನಿ."

ಮಾತು ಬಂತು, ಮಾತು ಬಂತು ಎಂದು ಅವ್ವ ಕೂಗಿಕೊಂಡಳು. ಎಲ್ಲಿಯ ಮಾತು? ನೀರು ಬೇಕಾ ಎಂದರೂ ಬರ್ತೀನಿ, ಎಲ್ಲಿ ನೋವು ಎಂದರೂ ಬರ್ತೀನಿ, ನೊಣ ಕೂತರೂ ಬರ್ತೀನಿ. ತಾವು ಅಂದುಕೊಂಡದ್ದು ಇದಲ್ಲ ಎಂದು ಅವರಿಗೆ ಗೊತ್ತಾಗುತ್ತಿತ್ತು. ಹೇಳಿ, ಕೇಳಿಸಿಕೊಂಡು, ಅಯ್ಯೋ ಇದಲ್ಲ ಎನ್ನುವಂತೆ ತಲೆ ಆಡಿಸಿ, ಮತ್ತೆ ಅದನ್ನೇ ಹೇಳುತ್ತಿದ್ದರು. ಇದ್ದಬದ್ದ ಮಾತೆಲ್ಲ ಹೋಗಿ ಅದೊಂದು ಯಾಕೆ ಉಳಿಯಿತೋ! ಕಂಡಕ್ಟರಿನ ಹತ್ತಿರ ಅವತ್ತು ಆಡಿದ ಮಾತು ಅದೇ. ಅಪ್ಪ ಅದನ್ನು ಅಂದಾಗಲೆಲ್ಲ ಅಮ್ಮ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆ ಹುಚ್ಚೆದ್ದು ಓಡಾಡಿತು. ಚಿಕ್ಕಬಳ್ಳಾಪುರದಿಂದ ಡಾಕ್ಟರನ್ನು ಕರೆಸಿದರು. ಅವರು ಮೊಣಕಾಲಿಗೆ ತಟ್ಟಿ, ಕಣ್ಣಿಗೆ ಬೆಳಕು ಬಿಟ್ಟು, ಮಾತು ಬಂದರೆ ಬಂತು ಎಂದು ಹೇಳಿ ಹೋದರು. ನಾಟಿ ವೈದ್ಯ ಪಾರಿವಾಳ ಕೊಯ್ದು ಬಿಸಿ ರಕ್ತ ಸವರಿದ. ನಾಲಿಗೆಗೆ ಬಜೆ ತೇಯ್ದು ಹಚ್ಚಿದರು. ಪ್ಯಾರೇ ಸಾಬರು ಮುರುಗಮಲ್ಲದ ದರ್ಗಾದಿಂದ ದಾರ ತಂದು ತೋಳಿಗೆ ಕಟ್ಟಿದರು, ಅವ್ವ ಅದರ ಪಕ್ಕದಲ್ಲೇ ಆಂಜನೇಯನ ದಾರ ಕಟ್ಟಿದಳು. ನನ್ನ ಸ್ಲೇಟನ್ನು ಎದೆಯ ಮೇಲಿಟ್ಟು ಎಡಗೈಗೆ ಬಳಪ ಕೊಟ್ಟರೆ ಕೋಳಿ ಕೆರೆದ ಹಾಗೆ ನಾಲ್ಕು ಗೀಟು ಬಂದವು, ಬಳಪ ಮುರಿಯಿತು. ಅಮ್ಮ ಮಾತ್ರ ಎಲ್ಲ ಸೇವೆ ಮಾಡುತ್ತಿದ್ದಳು, ತೊಳೆಯುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅವಳ ಹಟ ಈಗ ಹರಕೆಯಾಗಿಬಿಟ್ಟಿತ್ತು. ಅವರ ಮೊದಲ ಮಾತು ನನ್ನ ಹತ್ತಿರ ಬರುವ ತನಕ ನಾನು ಆಡುವುದಿಲ್ಲ, ನಾನು ಮೊದಲು ಆಡಿಬಿಟ್ಟರೆ ಅವರಿಗೆ ಮಾತು ಬರುವುದೇ ಇಲ್ಲ ಎಂದು ಅವಳ ತಲೆಯಲ್ಲಿ ಕೂತಿತ್ತು. ಎದುರಿಗೇ ಕೂತು, ಅವರ ಬಾಯಿ ಒರೆಸುತ್ತಾ, ನನಗೆ ಹೇಳುತ್ತಿದ್ದಳು:

"ಕೇಳೇ, ಇನ್ನೊಂದು ಗುಟುಕು ಬೇಕಾ ಅಂತ."

ಅವ್ವನಿಗೆ ತಡೆಯಲಾಗುತ್ತಿರಲಿಲ್ಲ.

"ನುವ್ವು ಮನಿಷಿವಾ, ರಾಯಿವಾ?"

ನೀನು ಮನುಷ್ಯಳಾ, ಕಲ್ಲಾ ಎಂದು ಕೇಳುತ್ತಿದ್ದಳು. ಅಮ್ಮ ಕಲ್ಲಲ್ಲ. ಬೆಳಗಿನ ಜಾವ ಕಸ ಗುಡಿಸುತ್ತಾ ಒಬ್ಬಳೇ, ಒಂದು ಮಾತು, ಒಂದೇ ಒಂದು ಮಾತು, ದೇವರೇ, ಎಂದು ಬಾಗಿಲಿಗೆ ಹಣೆ ಒತ್ತಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. ನನ್ನ ಹೊಟ್ಟೆಯಲ್ಲಿ ಆ ಒಂದು ಮಾತು ಕೂತಿತ್ತು. ನಾನು ನುಂಗಿದ್ದಕ್ಕೇ ಅಪ್ಪನ ನಾಲಿಗೆ ಬಿದ್ದುಹೋಯಿತು ಎಂದು ನನಗೆ ಅನುಮಾನವೇ ಇರಲಿಲ್ಲ. ಹೇಳಿಬಿಡುತ್ತೇನೆ ಎಂದು ಹತ್ತಿರ ಹೋಗುತ್ತಿದ್ದೆ, ಅಮ್ಮನ ಮುಖ ನೋಡಿ ನೀರು ಕುಡಿದು ವಾಪಸ್ಸು ಬರುತ್ತಿದ್ದೆ.

ಒಂದು ಸಾಯಂಕಾಲ ಪ್ಯಾರೇ ಸಾಬರು ಎಂದಿನಂತೆ ನೋಡಲು ಬಂದರು. ಅಪ್ಪನ ಹಾಸಿಗೆಯ ಪಕ್ಕ ಕೂತರು. ಹದಿನೈದು ವರ್ಷ ಕೈಗೆ ಕೈ ಕೊಟ್ಟು ವ್ಯಾಪಾರ ಮಾಡಿದವರು. ಏನು ತೋಚಿತೋ, ಹೆಗಲ ಮೇಲಿನ ಟವೆಲು ತೆಗೆದರು. ಬದುಕಿದ್ದದ್ದು ಎಡಗೈ. ಎಡಗೈ ಕೊಡುವುದೂ ತಪ್ಪು, ಹಿಡಿಯುವುದೂ ತಪ್ಪು. ಒಂದು ಗಳಿಗೆ ಹಿಂದೆಮುಂದೆ ನೋಡಿ, ತಮ್ಮ ಎಡಗೈಯನ್ನೇ ಕೊಟ್ಟು ಮೇಲೆ ಟವೆಲು ಮುಚ್ಚಿದರು. ಮರುಕ್ಷಣ ಅವರ ಮುಖವೇ ಬದಲಾಯಿತು.

"ಯಾ ಅಲ್ಲಾ! ಅಮ್ಮಾ, ಬನ್ನಿ ಇಲ್ಲಿ! ಕೈ ಮಾತಾಡ್ತಾ ಐತೆ!"

ನಾವೆಲ್ಲ ಓಡಿದೆವು. ಸಾಬರ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಏನಂತಾರೆ ಕೇಳಿ ಸಾಬರೇ," ಎಂದಳು ಅಮ್ಮ.

"ಐದು ಅಂತಾವ್ರೆ. ಮತ್ತೆ ಐದು. ಇಗೋ, ಮತ್ತೂ ಐದು. ಯಾವ ಗೂಡಿನ ರೇಟೋ ಏನೋ ಪಾಪ, ತಲೇಲಿ ನಿಂತೋಗಿದೆ."

ಇನ್ನೂ ವ್ಯಾಪಾರದ್ದೇ ಗ್ಯಾನ ನೋಡು ಎಂದು ಅವ್ವ ಅತ್ತಳು. ಅಮ್ಮನೂ ಅದನ್ನೇ ನಂಬಿದಳು. ಸಂತೆಕಟ್ಟೆಯ ಕೈಗೆ ರೇಟು ಬಿಟ್ಟು ಬೇರೇನು ಗೊತ್ತಿರುತ್ತದೆ? ನನಗೆ ಮಾತ್ರ ತಿಳಿಯಿತು. ಐದು ಗಂಟೆ ಬಸ್ಸು. ಅಪ್ಪ ಅದನ್ನೇ ಕೇಳುತ್ತಿದ್ದರು.

ಅವತ್ತಿನಿಂದ ಮನೆಗೆ ಸ್ವಲ್ಪ ಉಸಿರು ಬಂತು. ನೀರು ಬೇಕಾ ಎಂದರೆ ಅಂಗೈ ಒತ್ತುತ್ತಿದ್ದರು, ಬೇಡದಿದ್ದರೆ ಒದರುತ್ತಿದ್ದರು. ಸಾಬರು ದಿನವೆಲ್ಲ ಕೂರುವುದಕ್ಕಾಗುವುದಿಲ್ಲ. ಅಮ್ಮ ನಾಲ್ಕು ಜನರ ಮುಂದೆ ಗಂಡನ ಕೈ ಹಿಡಿದು ಕೂರುವವಳಲ್ಲ, ಅವಳಿಗೆ ಆ ಲೆಕ್ಕವೂ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳು. ಮತ್ತೆ ನಾನೇ ನಡುವೆ. ಟವೆಲಿನ ಕೆಳಗೆ ಕೈ ಇಟ್ಟುಕೊಂಡು ಅಮ್ಮನ ಪ್ರಶ್ನೆ ಕೇಳಬೇಕು, ಅಪ್ಪನ ಉತ್ತರ ಹೇಳಬೇಕು.

"ಕೇಳೇ, ನನ್ನ ಮೇಲೆ ಸಿಟ್ಟಾ ಅಂತ."

ಅಪ್ಪ ಕೈ ಒದರಿದರು. ಇಲ್ಲ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೇಳೇ, ಅವತ್ತು ಹೊಸ ಪಂಚೆ ಉಟ್ಕೊಂಡು ಯಾಕೆ ಬಂದ್ರು ಅಂತ."

ಯಾಕೆ ಎನ್ನುವುದಕ್ಕೆ ಆ ಭಾಷೆಯಲ್ಲಿ ಜಾಗವಿಲ್ಲ. ಹೌದು ಇದೆ, ಇಲ್ಲ ಇದೆ, ಉಳಿದದ್ದು ಬರೀ ಲೆಕ್ಕ. ಅಪ್ಪ ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಾ ನನ್ನ ಐದೂ ಬೆರಳನ್ನು ಸೇರಿಸಿ ಬಿಗಿಯಾಗಿ ಹಿಡಿದರು.

"ಏನಂತಾರೆ?"

"ಐದಂತೆ. ರೇಟು ಕಣಮ್ಮ."

ಎರಡನೇ ಸುಳ್ಳು. ಮೊದಲನೆಯದಕ್ಕೆ ಸಿಟ್ಟಿನ ನೆಪ ಇತ್ತು, ಇದಕ್ಕೆ ಏನೂ ಇಲ್ಲ. ಅಪ್ಪನಿಗೆ ಕಿವಿ ಕೇಳಿಸುತ್ತಿತ್ತು. ನಾನು ಹೇಳಿದ್ದು ಕೇಳಿಸಿಕೊಂಡು ಅವರು ಬರ್ತೀನಿ, ಬರ್ತೀನಿ ಎಂದು ಒರಲಿದರು. ಅಮ್ಮ ಕಿವಿ ಮುಚ್ಚಿಕೊಂಡು ಎದ್ದು ಹೋದಳು. ನಾನು ಕೈ ಎಳೆದುಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ. ಅಷ್ಟು ಬಲ ಎಲ್ಲಿಂದ ಬಂತೋ ಆ ಒಂದು ಕೈಗೆ. ಹೀಗೆ ದಿನಾ. ಅಮ್ಮ ಏನೇ ಕೇಳಲಿ, ಕೊನೆಗೆ ಐದು. ಹೇಳಿದೆಯಾ ಸರೋಜಮ್ಮ, ಯಾಕೆ ಹೇಳಲಿಲ್ಲ ಸರೋಜಮ್ಮ ಎಂದು ಅದು ನನಗೆ ಕೇಳಿಸುತ್ತಿತ್ತು. ಲೆಕ್ಕ ಮಾಡಬೇಕು, ಕಾಗುಣಿತ ಬರೆಯಬೇಕು ಎಂದು ತಪ್ಪಿಸಿಕೊಳ್ಳತೊಡಗಿದೆ. ನಾನು ದೂರ ನಿಂತರೆ ಅಪ್ಪ ಟವೆಲಿನ ಕೆಳಗೆ ಖಾಲಿ ಕೈಯನ್ನೇ ಮುಚ್ಚಿ ತೆರೆಯುತ್ತಿದ್ದರು.

ಶಿವರಾತ್ರಿ ಹತ್ತಿರವಾದಾಗ ಗಂಜಿ ಇಳಿಯುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ನಾನು ಕೈ ಕೊಟ್ಟೆ. ಅಪ್ಪ ಎಂದಿನಂತೆ ಐದು ಹಿಡಿಯಲು ಹೋದರು, ಆಗಲಿಲ್ಲ. ಮೂರು ಬೆರಳು ಸಿಕ್ಕವು, ಜಾರಿದವು. ಮತ್ತೆ ಹಿಡಿದರು, ಎರಡು ಸಿಕ್ಕವು. ಅವರು ಹೋಗಿಬಿಡುತ್ತಾರೆ ಎಂದು ನನಗೆ ಆಗ ತಿಳಿಯಿತು. ಎದ್ದು ನೇರ ಅಡಿಗೆಮನೆಗೆ ಹೋದೆ. ಅಮ್ಮ ಊದುಗೊಳವೆ ಹಿಡಿದು ಒಲೆ ಊದುತ್ತಿದ್ದಳು.

"ಅಮ್ಮಾ, ಅದು ರೇಟಲ್ಲ."

ಎಲ್ಲ ಹೇಳಿದೆ. ಮೂರೂವರೆ ಎಂದು ಕೂಗಿದ್ದು, ಕೆನ್ನೆಗೆ ಬಿದ್ದದ್ದು, ಹುಣಿಸೆಮರ, ಬಸ್ಸು, ತಪ್ಪಾಯ್ತು ಅಂತೀನಿ ಎಂದದ್ದು, ಏನೂ ಅನ್ಲಿಲ್ಲ ಎಂದು ನಾನು ಹೇಳಿದ್ದು. ಹೇಳುತ್ತಾ ಹೇಳುತ್ತಾ ನನಗೆ ಬಿಕ್ಕಳಿಕೆ ಹತ್ತಿತು. ಅಮ್ಮ ಊದುಗೊಳವೆಯನ್ನು ಮೆಲ್ಲಗೆ ಕೆಳಗಿಟ್ಟಳು. ಹೊಡೆಯಲಿಲ್ಲ. ಹೊಡೆದಿದ್ದರೆ ನನ್ನ ಪಾಪ ಅಲ್ಲಿಗೆ ತೀರುತ್ತಿತ್ತು.

"ಎಷ್ಟು ಗಂಟೆ ಅಂದಿದ್ರು?"

"ಐದು."

ಅಂಗಳದ ಗೋಡೆಯ ನೆರಳು ಎಲ್ಲಿಗೆ ಬಂದಿದೆ ಎಂದು ನೋಡಿದಳು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು. ಪೆಟ್ಟಿಗೆ ತೆಗೆದು ಹಸಿರು ರೇಷ್ಮೆ ಸೀರೆ ಉಟ್ಟಳು. ಕಿಟಕಿಯ ಕಟ್ಟೆಯ ಮೇಲೆ ಆ ಎಲೆ ಪೊಟ್ಟಣ ಇನ್ನೂ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಬಿಚ್ಚಿದರೆ ಕನಕಾಂಬರ ಒಣಗಿ ಕಾಗದದ ಹಾಗಾಗಿತ್ತು. ಅದನ್ನೇ ಮುಡಿದಳು. ಚೀಲಕ್ಕೆ ಎರಡು ಬಟ್ಟೆ ತುಂಬಿ ಕೈಯಲ್ಲಿ ಹಿಡಿದು ಅಪ್ಪನ ಎದುರಿಗೆ ಬಂದು ನಿಂತಳು. ಪೇಟೆಯಲ್ಲಿ ಹಾರನ್ ಆಯಿತು. ಹನ್ನೊಂದು ತಿಂಗಳ ಮೇಲೆ ಅವಳ ಬಾಯಿ ಅವರ ಕಡೆಗೆ ತೆರೆಯಿತು.

"ರೀ, ರೆಡಿಯಾಗಿದೀನಿ. ಏಳಿ, ಬಸ್ಸು ಬಂತು."

ಅಪ್ಪ ಸೀರೆ ನೋಡಿದರು, ಹೂವು ನೋಡಿದರು, ಚೀಲ ನೋಡಿದರು. ಎಳೆದುಕೊಂಡಿದ್ದ ಬಾಯಿ ಅಲುಗಿತು.

"ಬರ್ತೀನಿ. ಬರ್ತೀನಿ."

ಅಮ್ಮ ಕಿವಿ ಮುಚ್ಚಿಕೊಳ್ಳಲಿಲ್ಲ. ಚೀಲ ಕೆಳಗಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು, ಟವೆಲಿನ ಕೆಳಗೆ ಕೈ ಹಾಕಿದಳು. ನಾನು ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದೆ ಹೋದೆ, ಏನಂತಾರೆ ಎಂದು ಹೇಳಲು. ಅಮ್ಮ ತಿರುಗಿ ನೋಡಲಿಲ್ಲ.

"ನೀನು ಆಚೆ ಹೋಗು."

ಅವರ ನಡುವೆ ಏನು ನಡೆಯಿತೋ ನನಗೆ ಗೊತ್ತಿಲ್ಲ. ಅವಳಿಗೆ ಬೆರಳ ಲೆಕ್ಕ ಬರುತ್ತಿರಲಿಲ್ಲ, ಅವರಿಗೆ ಬಾಯಿ ಬರುತ್ತಿರಲಿಲ್ಲ. ಮೂರು ದಿನ ಅವಳು ಅಲ್ಲಿಂದ ಹೆಚ್ಚು ಏಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾಯಿಗೆ ನೀರು ಬಿಟ್ಟವಳು ಅವಳೇ.

ತಿಥಿ ಮುಗಿದು ನೆಂಟರೆಲ್ಲ ಹೋದರು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಪಡಸಾಲೆಯ ಕಂಬಕ್ಕೆ, ಅಪ್ಪ ಒರಗುತ್ತಿದ್ದ ಕಂಬಕ್ಕೆ, ಒರಗಿ ಕೂತಿದ್ದೆ. ಒಳಗಿನಿಂದ ಅಮ್ಮನ ದನಿ ಬಂತು.

"ಅತ್ತೇ, ಮುದ್ದೆ ಆರೋಗುತ್ತೆ ಅಂತ ಹೇಳಿ ಅವಳಿಗೆ."

ಅವ್ವ ಸೊಸೆಯ ಮುಖ ನೋಡಿದಳು. ಇದೇನೇ ಇದು, ಹೆತ್ತ ಮಗಳ ಹತ್ತಿರ, ಎಂದು ತೆಲುಗಿನಲ್ಲಿ ಬಾಯಿ ಬಡಿದುಕೊಂಡಳು. ಅಮ್ಮ ತಣ್ಣಗೆ ಹೇಳಿದಳು:

"ಮಾತು ಮುಚ್ಚಿಟ್ಟವರ ಹತ್ರ ನನಗೇನು ಮಾತು?"

ಅವ್ವ ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ನಾನು ತಲೆ ತಗ್ಗಿಸಿದೆ.

"ಬರ್ತೀನಿ ಅಂತ ಹೇಳವ್ವಾ."

ಹತ್ತು ವರ್ಷದ ಹುಡುಗಿಗೆ ತಾಯಿಯ ಮಾತು ನಿಂತುಹೋದರೆ ಏನಾಗುತ್ತದೆ ಎಂದು ಯಾವ ವ್ಯಾಕರಣದ ಪುಸ್ತಕದಲ್ಲೂ ಇಲ್ಲ. ನನ್ನ ತಲೆ ಬಾಚುತ್ತಿದ್ದಳು, ಜಡೆ ಹೆಣೆಯುತ್ತಿದ್ದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಿದ್ದಳು. ಮಾತಿಲ್ಲ. ನಾನು ಅಮ್ಮಾ ಅಮ್ಮಾ ಎಂದು ಸೆರಗು ಹಿಡಿದು ಹಿಂದೆ ಅಲೆಯುತ್ತಿದ್ದೆ, ತಪ್ಪಾಯ್ತು ಎಂದು ಮೂರು ಹೊತ್ತೂ ಹೇಳುತ್ತಿದ್ದೆ. ಅಪ್ಪನ ಬಾಯಿಂದ ಆ ಮಾತಿಗಾಗಿ ಅಷ್ಟು ಕಾದವಳಿಗೆ ನನ್ನ ಬಾಯಿಂದ ಅದು ಕಿವಿಗೇ ಬೀಳುತ್ತಿರಲಿಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಹೆಸರು ಕರೆದರೆ ಸಾಕು, ಒಬ್ಬರಾದರೂ ಕರೆದರಲ್ಲ ಎಂದು ಅಳು ಬರುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ದಿನ ಅವ್ವ ನೆಂಟರ ಮದುವೆಗೆ ಹೋದಳು. ಮನೆಯಲ್ಲಿ ನಾವಿಬ್ಬರೇ. ಅಮ್ಮ ಎಸರಿಟ್ಟು ಮುದ್ದೆ ಕಟ್ಟಿದಳು, ಸಾರು ಇಳಿಸಿದಳು, ಎರಡು ತಟ್ಟೆ ಹಾಕಿದಳು. ಆಮೇಲೆ ಸುಮ್ಮನೆ ಕೂತಳು. ಕರೆಯಬೇಕು, ಕರೆಯಲು ನಡುವೆ ಯಾರೂ ಇಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಮುದ್ದೆಯ ಮೇಲಿನ ಹಬೆ ಕಡಿಮೆಯಾಗುತ್ತಾ ಬಂತು. ಮೊಳೆಯ ಮೇಲೆ ಅಪ್ಪನ ಶರಟಿನ ಪಕ್ಕ ಕೆಂಪು ಅಂಚಿನ ಟವೆಲು ಇತ್ತು. ಅದನ್ನು ತೆಗೆದುಕೊಂಡು ಹೋಗಿ ಅಮ್ಮನ ಪಕ್ಕ ಕೂತೆ. ಅವಳ ತೊಡೆಯ ಮೇಲೆ ಟವೆಲು ಹಾಸಿ, ಕೆಳಗೆ ಕೈ ಹಾಕಿ ಅವಳ ಕೈಯನ್ನು ಹುಡುಕಿದೆ. ಬೆರಳಿಗೆ ರಾಗಿ ಹಿಟ್ಟು ಮೆತ್ತಿ ಒಣಗಿತ್ತು. ತಪ್ಪಾಯ್ತು ಎನ್ನುವುದನ್ನು ಬೆರಳಿನಲ್ಲಿ ಹೇಗೆ ಹೇಳಬೇಕೆಂದು ಅಪ್ಪ ಕಲಿಸಿರಲಿಲ್ಲ. ಐದೂ ಬೆರಳು ಸೇರಿಸಿ ಹಿಡಿದೆ. ಗಟ್ಟಿಯಾಗಿ ಹಿಡಿದು ಕಾದೆ.

ಅಮ್ಮ ಅಂಗೈ ಒತ್ತಲಿಲ್ಲ. ಒದರಲೂ ಇಲ್ಲ. ಗೋಡೆಯನ್ನೇ ನೋಡುತ್ತಿದ್ದಳು, ಕಣ್ಣಿನಿಂದ ನೀರು ಇಳಿದು ಟವೆಲಿನ ಮೇಲೆ ಬೀಳುತ್ತಿತ್ತು. ಎರಡೂ ತಟ್ಟೆಯ ಮುದ್ದೆ ಆರಿ ಗಟ್ಟಿಯಾಯಿತು. ಬಿಸಿಲು ಹೊಸಿಲು ದಾಟಿ ಹೊರಗೆ ಹೋಯಿತು. ಅಷ್ಟು ಹೊತ್ತೂ ಅಮ್ಮ ನನ್ನ ಕೈ ಬಿಡಲಿಲ್ಲ.